ಕೊನೆಯ ಅಧ್ಯಾಯವೇ ಪರಾಕಾಷ್ಠೆ

ಟೇಪು ಮೇಷ್ಟ್ರು ಎಂಬ ಹೆಸರನ್ನು ಅವರಿಗೆ ಯಾರಿಟ್ಟರೋ ಗೊತ್ತಿಲ್ಲ. ಇಟ್ಟವರ ಕಿವಿ ಮಾತ್ರ ಚುರುಕಾಗಿತ್ತು. ಒಮ್ಮೆ ಕೇಳಿದ ದನಿ ಮೇಷ್ಟ್ರ ಗಂಟಲಲ್ಲಿ ಬಾಡಿಗೆ ಕೊಡದೆ ಕಾಯಂ ಆಗಿ ಕೂತುಬಿಡುತ್ತಿತ್ತು. ಪ್ರಿನ್ಸಿಪಾಲರ ಗೊಗ್ಗರು ದನಿ, ಗುಮಾಸ್ತೆಯ ಮೂಗಿನ ಮಾತು, ಗೇಟಿನ ಕಾವಲುಗಾರ ಆಕಳಿಸುತ್ತಲೇ ‘ಐಡಿ ಕಾರ್ಡ್’ ಅನ್ನುವ ರಾಗ, ಎಲ್ಲವೂ ಕರೆದ ಕೂಡಲೇ ಓಡಿ ಬರುತ್ತಿದ್ದವು. ಇಪ್ಪತ್ತಾರು ವರ್ಷದಿಂದ ಅವರು ಅದೇ ಕಾಲೇಜಿನಲ್ಲಿ ಕಾದಂಬರಿ ಪಾಠ ಮಾಡುತ್ತಿದ್ದರು. ಅವರ ತರಗತಿಗೆ ಬೆಂಚು ಸಾಲದೆ ಹುಡುಗರು ಕಿಟಕಿಕಟ್ಟೆಯ ಮೇಲೂ ಕೂರುತ್ತಿದ್ದರು. ಬಂದವರು ಕಾದಂಬರಿಗಾಗಿ ಬಂದವರಲ್ಲ ಎಂಬುದು ಮೇಷ್ಟ್ರಿಗೂ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುವುದೂ ಒಂದು ಅನುಕರಣೆಯೇ.

ಪರಿಭಾಷೆ ಅಂದರೆ ಹುಡುಗರ ಪಾಲಿಗೆ ಪರರ ಭಾಷೆ ಎಂದು ಅವರು ಮೊದಲ ದಿನವೇ ಹೇಳಿ ನಗಿಸುತ್ತಿದ್ದರು. ಆಮೇಲೆ ಒಂದೊಂದು ಪದಕ್ಕೆ ಒಂದೊಂದು ವೇಷ. ಸರ್ವಜ್ಞ ನಿರೂಪಕ ಅಂದರೆ ನಮ್ಮ ಕ್ಯಾಂಟೀನಿನಾಕೆ, ಯಾರ ಹೊಟ್ಟೆಯಲ್ಲಿ ಏನಿದೆ ಅಂತ ಅವಳೊಬ್ಬಳಿಗೇ ಗೊತ್ತು ಎಂದು ಆಕೆಯ ಸೌಟಿನ ಕೈ ಸಮೇತ ತೋರಿಸುತ್ತಿದ್ದರು. ದೃಷ್ಟಿಕೋನ ಎಂಬ ಪದ ಬಂದಾಗ ಕಳೆದುಹೋದ ಒಂದೇ ಕೊಡೆಯ ಸುದ್ದಿಯನ್ನು ಪ್ರಿನ್ಸಿಪಾಲರಾಗಿ, ಗುಮಾಸ್ತೆಯಾಗಿ, ಕಾವಲುಗಾರನಾಗಿ ಮೂರು ಸಲ ಹೇಳುತ್ತಿದ್ದರು. ಮೂರನೆಯ ಸಲಕ್ಕೆ ಕೊಡೆ ಕದ್ದವರು ಪ್ರಿನ್ಸಿಪಾಲರೇ ಆಗಿರುತ್ತಿದ್ದರು.

ಎಡವಟ್ಟಾದದ್ದು ಇಪ್ಪತ್ತೆರಡು ವರ್ಷದ ಹಿಂದೆ. ಆಗ ವಿಭಾಗದ ಮುಖ್ಯಸ್ಥರಾಗಿದ್ದವರು ಗುಡುಗು ಮೇಷ್ಟ್ರು. ಗುಡುಗು ಜಾಸ್ತಿ, ಮಳೆ ಕಡಿಮೆ. ಅವರು ಯಾವ ಕಾದಂಬರಿಯನ್ನೂ ಪೂರ್ತಿ ಓದುವುದಿಲ್ಲ, ಕೊನೆಯ ಅಧ್ಯಾಯದ ಮೇಲೆ ಕಣ್ಣಾಡಿಸಿ ಪ್ರಶ್ನೆಪತ್ರಿಕೆ ತೆಗೆಯುತ್ತಾರೆ ಎಂಬುದು ಸ್ಟಾಫ್ ರೂಮಿನ ಗೋಡೆಗೂ ಗೊತ್ತಿದ್ದ ಗುಟ್ಟು. ಆ ದಿನ ಪಾಠಕ್ಕೆ ಬಂದ ಪದ ಪರಾಕಾಷ್ಠೆ. ನೆಟ್ಟಗೆ ಹೇಳಿಬಿಡೋಣ ಎಂದೇ ಟೇಪು ಮೇಷ್ಟ್ರು ಎದ್ದು ನಿಂತಿದ್ದರು: ಕಥೆಯೊಳಗಿನ ಸಂಘರ್ಷ ಬಿಗಿಯುತ್ತಾ ಹೋಗಿ, ಇನ್ನು ಹಿಂದಿರುಗುವ ದಾರಿಯಿಲ್ಲ ಎಂಬಲ್ಲಿಗೆ ಬಂದು ನಿಲ್ಲುವ ಗಳಿಗೆ. ಅದು ನಟ್ಟನಡುವೆಯೂ ಬರಬಹುದು, ಸದ್ದಿಲ್ಲದೆಯೂ ಬರಬಹುದು. ಮುಂದಿನದೆಲ್ಲ ಅದರ ಫಲ. ಅಷ್ಟರಲ್ಲಿ ಹೊರಗೆ ಪಡಸಾಲೆಯಲ್ಲಿ ಗುಡುಗು ಮೇಷ್ಟ್ರ ಚಪ್ಪಲಿಯ ಸದ್ದು ದೂರವಾಗುತ್ತಾ ಹೋಯಿತು. ನಾಲಿಗೆ ತುರಿಸಿತು.

ಹೊಟ್ಟೆ ಮುಂದೆ ದೂಡಿ, ಎರಡೂ ಹೆಬ್ಬೆರಳು ಬೆಲ್ಟಿಗೆ ಸಿಕ್ಕಿಸಿ, ಗಂಟಲಿಗೆ ಮೋಡ ತುಂಬಿಕೊಂಡು ಹೇಳಿದರು. “ಪರಾಕಾಷ್ಠೆ ಎಂದರೆ ಕಾದಂಬರಿಯ ಕೊನೆಯ ಅಧ್ಯಾಯ. ಯಾಕೆ? ಅದಾದ ಮೇಲೆ ರಟ್ಟು.”

ತರಗತಿ ಬೆಂಚು ಕುಟ್ಟಿ ಕುಟ್ಟಿ ನಕ್ಕಿತು. ನಗದೆ ಇದ್ದವನು ಒಬ್ಬನೇ, ಮೊದಲ ಸಾಲಿನಲ್ಲಿ ಕೂರುತ್ತಿದ್ದ ಹುಡುಗ, ಎಲ್ಲರ ಬಾಯಲ್ಲಿ ಮುಂಬೆಂಚು. ಅವನು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದ. ಸರಿಯಾದ ಮಾತು ಹೇಳಲು ಮೇಷ್ಟ್ರು ಬಾಯಿ ತೆರೆಯುವ ಹೊತ್ತಿಗೆ ಗಂಟೆ ಹೊಡೆಯಿತು. ನಾಳೆ ಹೇಳಿದರಾಯಿತು ಅಂದುಕೊಂಡರು. ಮಾರನೆಯ ದಿನ ಪಾಠ ಸಂಕೇತಕ್ಕೆ ಹಾರಿತು.

ಮುಂಬೆಂಚಿನ ನೋಟ್ಸು ಮುತ್ತಿನಂಥ ಅಕ್ಷರದ್ದು. ಜೆರಾಕ್ಸ್ ಅಂಗಡಿಯಲ್ಲಿ ಅದರ ಮೂಲಪ್ರತಿ ಹಾಳೆ ಸವೆಯುವ ತನಕ ನಕಲಾಯಿತು. ಎರಡು ವರ್ಷದ ಮೇಲೆ ಒಬ್ಬ ಪ್ರಕಾಶಕ ಬಂದು, ನಿಮ್ಮ ಪಾಠವನ್ನೇ ಪುಸ್ತಕ ಮಾಡೋಣ, ಬರೆಯುವ ಕಷ್ಟವೂ ನಿಮಗೆ ಬೇಡ ಎಂದು ಆ ನೋಟ್ಸನ್ನೇ ಅಚ್ಚು ಹಾಕಿಸಿ, ಮುಖಪುಟದ ಮೇಲೆ ಟೇಪು ಮೇಷ್ಟ್ರ ಹೆಸರು ಕೂರಿಸಿದ. ಕರಡು ತಿದ್ದಲು ಕೊಟ್ಟಿದ್ದ. ಮೇಷ್ಟ್ರು ಆ ವಾರ ಕಾಲೇಜು ವಾರ್ಷಿಕೋತ್ಸವಕ್ಕೆ ಹನ್ನೆರಡು ದನಿಗಳ ಐಟಂ ತಯಾರು ಮಾಡುತ್ತಿದ್ದರು. ತಿದ್ದಿದ್ದೇನೆ ಎಂದು ಹೇಳಿ ಹಿಂದಿರುಗಿಸಿದರು.

ಪುಸ್ತಕ ಕೈಗೆ ಬಂದ ದಿನ ಮೂವತ್ತೊಂದನೆಯ ಪುಟದಲ್ಲಿ ‘ಪರಾಕಾಷ್ಠೆ: ಕಾದಂಬರಿಯ ಕೊನೆಯ ಅಧ್ಯಾಯ’ ಎಂಬ ಸಾಲು ದಪ್ಪಕ್ಷರದಲ್ಲಿ ಕಂಡಿತು. ಮೇಷ್ಟ್ರು ಬಿದ್ದುಬಿದ್ದು ನಕ್ಕು ಹೆಂಡತಿಗೆ ತೋರಿಸಿದರು. ಅವರು ನಗಲಿಲ್ಲ. ಮಕ್ಕಳು ಇದನ್ನೇ ನಂಬಿ ಬರೀತಾರಲ್ರೀ, ತಿದ್ದಿಸಿ ಅಂದರು. ಮುಂದಿನ ಮುದ್ರಣದಲ್ಲಿ ಎಂದರು ಮೇಷ್ಟ್ರು. ಅಲ್ಲಿಂದ ಆ ಮನೆಯಲ್ಲಿ ಆ ಮಾತು ಗಾದೆಯಾಯಿತು. ನಲ್ಲಿ ಸೋರಿದರೆ, ಬಲ್ಬು ಸುಟ್ಟರೆ, ಮೇಷ್ಟ್ರು ನಾಳೆ ನೋಡೋಣ ಅಂದರೆ ಸಾಕು, “ಮುಂದಿನ ಮುದ್ರಣಕ್ಕಾ?” ಎಂದು ಹೆಂಡತಿ ಒಳಗಿನಿಂದಲೇ ಕೇಳುತ್ತಿದ್ದರು. ಆ ಪುಸ್ತಕ ಎಲ್ಲರ ಬಾಯಲ್ಲಿ ಕೈಪಿಡಿ ಎನಿಸಿಕೊಂಡು ಏಳು ಮುದ್ರಣ ಕಂಡಿತು. ಮೂವತ್ತೊಂದನೆಯ ಪುಟ ಏಳು ಸಲವೂ ಹಾಗೇ ಬಂತು. ತಿದ್ದಿದರೆ ಹಿಂದಿನವರೆಲ್ಲ ತಪ್ಪು ಬರೆದರು ಎಂದಾಗುತ್ತದೆ, ಬರೆದವರಿಗೆಲ್ಲ ಅಂಕ ಕೊಟ್ಟವರು ತಾವೇ ಎಂದಾಗುತ್ತದೆ. ಸುಳ್ಳಿಗೂ ಇಪ್ಪತ್ತು ವರ್ಷವಾದರೆ ಪಿಂಚಣಿ ಬರುತ್ತದೆ ಎಂದು ಅವರು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡಿದ್ದುಂಟು, ಯಾವ ಸುಳ್ಳು ಎಂದು ಮಾತ್ರ ಹೇಳಿರಲಿಲ್ಲ.

ಇನ್ನು ಕಾರ್ಡಕ್ಕ. ಕಾಲೇಜಿನ ಲೈಬ್ರರಿಯಲ್ಲಿ ಹದಿನಾಲ್ಕು ವರ್ಷದಿಂದ ಪುಸ್ತಕದ ಧೂಳು ಹೊಡೆದು, ಹರಿದದ್ದಕ್ಕೆ ಅಂಟು ಹಚ್ಚಿ, ಪ್ರತಿ ಪುಸ್ತಕಕ್ಕೂ ಕೈಯಲ್ಲೇ ಕಾರ್ಡು ಬರೆದು ಇಡುತ್ತಿದ್ದವಳು. ವಯಸ್ಸು ನಲವತ್ತರ ಆಚೀಚೆ. ಅವಳ ಅಕ್ಷರಕ್ಕೆ ಒಂದು ಗುರುತಿತ್ತು: ತಲೆಕಟ್ಟುಗಳೆಲ್ಲ ಬಲಕ್ಕೆ ಬಾಗಿ, ಗಾಳಿಗೆ ಬಗ್ಗಿದ ಹುಲ್ಲಿನ ಹಾಗೆ ಕಾಣುತ್ತಿದ್ದವು. ದನಿ ಎಷ್ಟು ಮೆಲ್ಲಗೆ ಅಂದರೆ ಮೇಷ್ಟ್ರು ಕೂಡ ಅದನ್ನು ಅನುಕರಿಸುವ ಗೋಜಿಗೆ ಹೋಗಿರಲಿಲ್ಲ. ಲೈಬ್ರರಿಗೂ ಅವರ ತರಗತಿಗೂ ನಡುವೆ ಇದ್ದದ್ದು ಪ್ಲೈವುಡ್ಡಿನ ಒಂದು ಅಡ್ಡಗೋಡೆ. ಹದಿನಾಲ್ಕು ವರ್ಷದ ಪಾಠ ಅದನ್ನು ದಾಟಿ ಅವಳ ಕಿವಿಗೆ ಬೀಳುತ್ತಲೇ ಇತ್ತು. ಪಾಠ ಕೇಳಿ ಪುಸ್ತಕ ತೆಗೆದಳು, ಪುಸ್ತಕ ಓದಿ ಇನ್ನೊಂದು ತೆಗೆದಳು. ಮೂರು ವರ್ಷದ ಹಿಂದೆ ಖಾಸಗಿ ಅಭ್ಯರ್ಥಿಯಾಗಿ ಪದವಿ ಪರೀಕ್ಷೆ ಕಟ್ಟಿ, ಒಂದೊಂದಾಗಿ ಎಲ್ಲ ಪತ್ರಿಕೆ ಪಾಸು ಮಾಡಿ, ಕಾದಂಬರಿ ಪತ್ರಿಕೆಯೊಂದರಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಕೈಪಿಡಿಯ ಪಟ್ಟಿಗಳನ್ನು ಬಾಯಿಪಾಠ ಮಾಡುವುದು ಅವಳಿಗೆ ಬರುತ್ತಿರಲಿಲ್ಲ. ಓದಿದ್ದನ್ನು ಬರೆದುಬಿಡುವ ಚಟ.

ಈ ಸಲ ಕತ್ತಿ ನೆತ್ತಿಯ ಮೇಲಿತ್ತು. ಆಡಳಿತ ಮಂಡಳಿ ನೋಟೀಸು ಹಚ್ಚಿತ್ತು: ಲೈಬ್ರರಿಯಲ್ಲಿ ತಾತ್ಕಾಲಿಕವಾಗಿ ಇರುವವರು ಈ ವರ್ಷದ ಫಲಿತಾಂಶದೊಳಗೆ ಪದವಿ ತೋರಿಸಿದರೆ ಸಹಾಯಕರಾಗಿ ಕಾಯಂ, ತೋರಿಸದಿದ್ದರೆ ಆ ಜಾಗಕ್ಕೆ ಪದವೀಧರರು ಬರುತ್ತಾರೆ. ವಿಶ್ವವಿದ್ಯಾಲಯದ ಲೆಕ್ಕದಲ್ಲಿಯೂ ಅವಳಿಗೆ ಇದು ಮೂರನೆಯ ಮತ್ತು ಕೊನೆಯ ಅವಕಾಶ. ಮನೆಯಲ್ಲಿ ಗಂಡ, ಧೂಳು ಹೊಡೆಯೋಕೂ ಡಿಗ್ರಿ ಬೇಕಾ, ಪೊರಕೆಗೊಂದು ಗೌನು ಹೊಲಿಸು ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ನಗುವುದು ಸುಲಭ, ಬಾಗಿಲು ತೆಗೆದು ಹೊರಟರೆ ಕಾಲೇಜು ಇತ್ತಲ್ಲ.

ಪರೀಕ್ಷೆಗೆ ಹತ್ತು ದಿನ ಇರುವಾಗ ಅವಳು ಕೈಪಿಡಿಯನ್ನೂ ಪಠ್ಯದ ಕಾದಂಬರಿಯನ್ನೂ ಎದೆಗವಚಿಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಒಳಗೆ ಟೇಪು ಮೇಷ್ಟ್ರು ಒಬ್ಬರೇ ಇದ್ದರು. ಕಾದಂಬರಿ ಅಕ್ಕತಂಗಿಯರು ನಡೆಸುವ ಒಂದು ಅಚ್ಚುಕೂಟದ ಕಥೆ, ಹತ್ತೊಂಬತ್ತು ಅಧ್ಯಾಯ, ಕೊನೆಯದರಲ್ಲಿ ಅಚ್ಚುಕೂಟಕ್ಕೆ ಬೆಂಕಿ ಬೀಳುತ್ತದೆ. ಕೈಪಿಡಿಯ ಪ್ರಕಾರ ಆ ಬೆಂಕಿಯೇ ಪರಾಕಾಷ್ಠೆ. ಕಾರ್ಡಕ್ಕ ಮೂವತ್ತೊಂದನೆಯ ಪುಟಕ್ಕೆ ಬೆರಳಿಟ್ಟು, ತನಗೆ ಹಾಗನಿಸುತ್ತಿಲ್ಲ ಎಂದಳು. ಹನ್ನೊಂದನೆಯ ಅಧ್ಯಾಯದಲ್ಲಿ ತಂಗಿಗೆ ಬೇರೆ ಊರಿನಿಂದ ಕೆಲಸಕ್ಕೆ ಕರೆದ ಕಾಗದ ಬರುತ್ತದೆ, ಅಕ್ಕ ಅದನ್ನು ಒಡೆಯದೆಯೇ ಕಾಗದದ ರೀಮಿನ ಅಡಿಗೆ ಸರಿಸಿ, ಕೈ ಒರೆಸಿಕೊಂಡು ಅಚ್ಚುಮೊಳೆ ಜೋಡಿಸಲು ಕೂರುತ್ತಾಳೆ. ಅಷ್ಟೇ. ಅಲ್ಲಿ ಯಾರೂ ಅಳುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಆದರೆ ಆಮೇಲೆ ಅವರಿಬ್ಬರಿಗೂ ಹಿಂದಕ್ಕೆ ಹೋಗುವ ದಾರಿಯೇ ಇಲ್ಲ ಅಲ್ವಾ ಸಾರ್ ಎಂದು ಅವಳು ಕೇಳಿದಳು. ಮೇಷ್ಟ್ರು ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

ಇಪ್ಪತ್ತಾರು ವರ್ಷದಲ್ಲಿ ಅಂಥ ಒಂದು ಪ್ರಶ್ನೆ ಅವರಿಗೆ ಬಂದಿರಲಿಲ್ಲ. ಅವರಿಗೆ ಒಳಗೆ ಏನೋ ಬೆಚ್ಚಗಾಯಿತು. ತಾವು ಹುಡುಗರಾಗಿದ್ದಾಗ ಕಾದಂಬರಿ ಓದುತ್ತಾ ಊಟ ಮರೆತ ದಿನಗಳು ನೆನಪಾದವು. ಆ ಬಿಸಿಯಲ್ಲಿ ಅವರು ಯಾರ ದನಿಯನ್ನೂ ಎರವಲು ತರಲಿಲ್ಲ.

“ನೀವು ಹೇಳೋದೇ ಸರಿ ಅಕ್ಕ. ಅದರಲ್ಲಿರೋದು ತಪ್ಪು.”

“ಮತ್ತೆ ಪರೀಕ್ಷೇಲಿ ಬಂದ್ರೆ?”

“ನಿಮಗೆ ಕಂಡದ್ದನ್ನೇ ಬರೀರಿ,” ಎಂದರು ಮೇಷ್ಟ್ರು. “ಧೈರ್ಯವಾಗಿ ಬರೀರಿ. ನಾನಿದ್ದೀನಲ್ಲ.”

ಅವಳು ಹೋದ ಮೇಲೆ ಬಹಳ ಹೊತ್ತು ಅವರು ತಮ್ಮನ್ನು ತಾವು ಮೆಚ್ಚಿಕೊಂಡು ಕೂತಿದ್ದರು.

ಪರೀಕ್ಷೆಯಲ್ಲಿ ಬಂತು. ಏಳನೆಯ ಪ್ರಶ್ನೆ, ಹತ್ತು ಅಂಕ: ಪರಾಕಾಷ್ಠೆ ಎಂದರೇನು, ನಿಮ್ಮ ಪಠ್ಯ ಕಾದಂಬರಿಯ ಪರಾಕಾಷ್ಠೆಯನ್ನು ಗುರುತಿಸಿ ವಿವರಿಸಿ.

ಉತ್ತರಪತ್ರಿಕೆ ತಿದ್ದುವ ಕೆಲಸ ಒಂದು ದೊಡ್ಡ ಒಳಾಂಗಣ ಕ್ರೀಡಾಂಗಣದಲ್ಲಿ. ಬ್ಯಾಡ್ಮಿಂಟನ್ ಗೆರೆಗಳ ಮೇಲೆ ಸಾಲುಸಾಲು ಮೇಜು, ಮೇಜಿಗೆ ಆರು ಜನ, ನಡುವೆ ದಾರ ಕಟ್ಟಿದ ಬಂಡಲುಗಳು. ಹೆಸರು, ನಂಬರು ಇದ್ದ ತುದಿ ಕತ್ತರಿಸಿ, ಅದರ ಜಾಗಕ್ಕೆ ಗುಪ್ತ ಸಂಕೇತ ಒತ್ತಿರುತ್ತಿದ್ದರು. ತಿದ್ದುವವರಿಗೆ ಕೆಂಪು ಇಂಕು, ಪ್ರತಿ ಮೇಜಿನ ಮುಖ್ಯ ಪರೀಕ್ಷಕರಿಗೆ ಹಸಿರು. ಮೂವತ್ತೈದು ಬಂದರೆ ಪಾಸು. ಅದಕ್ಕೆ ಹತ್ತಿರ ಬಂದು ನಿಂತವರ ಪತ್ರಿಕೆಗಳು ಮುಖ್ಯ ಪರೀಕ್ಷಕರ ಕಣ್ಣಿಗೆ ಬಿದ್ದೇ ಮುಂದೆ ಹೋಗಬೇಕು, ಅವರು ಹೆಚ್ಚೆಂದರೆ ಎರಡು ಅಂಕ ಸೇರಿಸಬಹುದು. ತಿದ್ದುವವರು ‘ಕೀ’ ಎನ್ನುವ ಮಾದರಿ ಉತ್ತರಕ್ಕೆ ವಿರುದ್ಧವಾದದ್ದಕ್ಕೆ ಸೊನ್ನೆ, ಅದನ್ನು ಮುಟ್ಟುವ ಅಧಿಕಾರ ಅವರಿಗೂ ಇಲ್ಲ. ಗುರುತಿನವರ ಪತ್ರಿಕೆ ಬಂದರೆ ತಿದ್ದದೆ ಬೇರೆ ಮೇಜಿಗೆ ದಾಟಿಸಬೇಕೆಂಬುದೂ ನಿಯಮ. ಆರನೆಯ ಮೇಜಿನ ಹಸಿರು ಪೆನ್ನು ಟೇಪು ಮೇಷ್ಟ್ರದ್ದು.

ಮೂರನೆಯ ದಿನ ಮಧ್ಯಾಹ್ನ ಅವರ ಮೇಜಿನ ಕಿರಿಯ ಮೇಡಂ ಒಂದು ಪತ್ರಿಕೆ ತಂದು ಮುಂದಿಟ್ಟಳು. ಕೆಲಸಕ್ಕೆ ಸೇರಿ ಎರಡು ವರ್ಷವಾದವಳು, ಅದೇ ಕೈಪಿಡಿ ಓದಿ ಪದವಿ ದಾಟಿದವಳು. ಒಟ್ಟು ಇಪ್ಪತ್ತೊಂಬತ್ತು ಅಂಕ. ಏಳನೆಯ ಪ್ರಶ್ನೆಗೆ ಸೊನ್ನೆ.

“ಸಾರ್, ಕೀ ಪ್ರಕಾರ ಸೊನ್ನೆ ಹಾಕ್ದೆ. ಆದ್ರೆ ಇದನ್ನ ಒಂದ್ಸಲ ಓದಿ. ನಂಗ್ಯಾಕೋ ಇವರು ಹೇಳಿರೋದೇ ಸರಿ ಅನ್ಸ್ತಿದೆ.”

ಓದುವ ಮೊದಲೇ ಮೇಷ್ಟ್ರಿಗೆ ಗೊತ್ತಾಯಿತು. ತಲೆಕಟ್ಟುಗಳೆಲ್ಲ ಬಲಕ್ಕೆ ಬಾಗಿದ್ದವು.

ಎರಡೂವರೆ ಪುಟ ಬರೆದಿದ್ದಳು. ರೀಮಿನ ಅಡಿಗೆ ಹೋದ ಕಾಗದ, ಕೈ ಒರೆಸಿಕೊಂಡ ಬಟ್ಟೆ, ಆ ದಿನ ಅಕ್ಕ ಜೋಡಿಸಿದ ಪುಟದಲ್ಲಿ ಒಂದು ಮೊಳೆ ತಲೆಕೆಳಗಾಗಿ ಕೂತದ್ದು, ಅದನ್ನು ತಂಗಿ ನಗುತ್ತಾ ತಿದ್ದಿದ್ದು. ಮುಂದಿನ ಎಂಟು ಅಧ್ಯಾಯಗಳಲ್ಲಿ ನಡೆಯುವುದೆಲ್ಲ ಆ ಒಂದು ಕೈಚಲನೆಯಿಂದ ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಒಂದು ಎಳೆಯೂ ತಪ್ಪದಂತೆ ಹಿಡಿದಿದ್ದಳು. ಕೊನೆಯ ಸಾಲು ಹೀಗಿತ್ತು: ‘ಬೆಂಕಿ ಬಿದ್ದದ್ದು ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಸುಟ್ಟುಹೋದದ್ದು ಹನ್ನೊಂದರಲ್ಲಿ.’

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಪತ್ರಿಕೆ ಬೇರೆ ಮೇಜಿಗೆ ಹೋಗಲಿ ಎನ್ನಬಹುದಿತ್ತು. ಆದರೆ ಬೇರೆ ಮೇಜಿನಲ್ಲೂ ಅದೇ ಕೀ, ಅದೇ ಸೊನ್ನೆ. ನೋಡೋಣ ಇರಮ್ಮಾ ಎಂದು ಹೇಳಿ, ಪತ್ರಿಕೆ ಕೈಯಲ್ಲಿ ಹಿಡಿದು ಅಧ್ಯಕ್ಷರ ಕೋಣೆಗೆ ನಡೆದರು. ಆ ನಡಿಗೆಯಲ್ಲಿ ಅವರಿಗೆ ನಿಜವಾಗಿಯೂ ಧೈರ್ಯವಿತ್ತು, ಅದನ್ನು ಅಲ್ಲಗಳೆಯುವ ಹಾಗಿಲ್ಲ.

ಪರೀಕ್ಷಾ ಮಂಡಳಿಯ ಅಧ್ಯಕ್ಷ ಬೇರೆ ಯಾರೂ ಅಲ್ಲ, ಮುಂಬೆಂಚು. ಕೂದಲು ಉದುರಿ ನೆತ್ತಿ ಮುಂದೆ ಬಂದಿತ್ತು, ಅಕ್ಷರ ಈಗಲೂ ಮುತ್ತು. ಮಾದರಿ ಉತ್ತರವನ್ನು ಅವನೇ ಕೈಯಾರೆ ಬರೆದಿದ್ದ. ಮೇಷ್ಟ್ರನ್ನು ಕಂಡು ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಏಳನೆಯ ಪ್ರಶ್ನೆಗೆ ಎರಡು ಬಗೆಯ ಉತ್ತರವನ್ನೂ ಒಪ್ಪಬಹುದಲ್ಲವೇ ಎಂದು ಮೇಷ್ಟ್ರು ಸುತ್ತಿ ಬಳಸಿ ಕೇಳಿದರು. ಅವನು ಪತ್ರಿಕೆ ಓದಲಿಲ್ಲ, ಮೂವತ್ತೊಂದನೆಯ ಪುಟ ತೆರೆದು ತೋರಿಸಿದ.

“ನೀವೇ ಹೇಳಿಕೊಟ್ಟದ್ದು ಗುರುಗಳೇ. ದನಿ ಸಮೇತ ನೆನಪಿದೆ ನಂಗೆ.”

“ಅದು ತಮಾಷೆಗೆ ಹೇಳಿದ್ದಯ್ಯ. ಗುಡುಗು ಮೇಷ್ಟ್ರ ಥರ. ಎಲ್ಲರೂ ನಕ್ಕರಲ್ಲ ಆವತ್ತು?”

“ನಿಮ್ಮ ಕ್ಲಾಸಲ್ಲಿ ಅವರು ಯಾವತ್ತು ನಗಲಿಲ್ಲ ಹೇಳಿ,” ಅಂದ ಮುಂಬೆಂಚು. “ನಾನು ಪಾಠ ಕೇಳೋಕೆ ಬರ್ತಿದ್ದೆ.”

ಅದರಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ಮೇಷ್ಟ್ರು ತಿರುಗಿ ಏನಾದರೂ ಅಂದು ಗೆಲ್ಲುತ್ತಿದ್ದರು. ಅವನು ಒಂದು ಬಿಳಿ ಹಾಳೆಯನ್ನು ಅವರ ಕಡೆ ಸರಿಸಿ, ಇರುವ ದಾರಿಯನ್ನು ನಿಧಾನವಾಗಿ ವಿವರಿಸಿದ. ಕೈಪಿಡಿಯಲ್ಲಿರುವ ವ್ಯಾಖ್ಯೆ ತಪ್ಪು, ಅದರಿಂದ ಮಾದರಿ ಉತ್ತರವೂ ತಪ್ಪು ಎಂದು ಒಂದೇ ಸಾಲು ಬರೆದು ರುಜು ಹಾಕಿಕೊಟ್ಟರೆ ಸಾಕು, ತಾನು ಎಲ್ಲ ಮೇಜುಗಳಿಗೂ ಸುತ್ತೋಲೆ ಕಳಿಸುತ್ತೇನೆ. ನಾಲ್ಕು ಸಾವಿರ ಪತ್ರಿಕೆಗಳಲ್ಲಿ ಏಳನೆಯ ಪ್ರಶ್ನೆ ಮತ್ತೆ ತಿದ್ದಬೇಕಾಗುತ್ತದೆ, ಫಲಿತಾಂಶ ಹತ್ತು ದಿನ ತಡವಾಗುತ್ತದೆ, ಎಲ್ಲರೂ ಬೈಯುತ್ತಾರೆ, ಬೈಯಲಿ. ಇನ್ನೊಂದು ವಿಷಯ ಅವನು ಹೇಳಲೋ ಬೇಡವೋ ಎಂದು ತಡೆದು ಹೇಳಿದ: ಮುಂದಿನ ತಿಂಗಳು ಕೈಪಿಡಿಯನ್ನು ಎಲ್ಲ ಕಾಲೇಜುಗಳಿಗೂ ಅಧಿಕೃತ ಪಠ್ಯ ಮಾಡುವ ಸಭೆ ಇದೆಯಲ್ಲ, ಅದನ್ನು ಸದ್ಯಕ್ಕೆ ಕೈಬಿಡಬೇಕಾಗುತ್ತದೆ.

“ಬರೀರಿ ಗುರುಗಳೇ. ತಪ್ಪಿದ್ರೆ ತಪ್ಪು. ನಾನು ನಿಮ್ಮ ಹಿಂದೆ ನಿಲ್ತೀನಿ.”

ಹೀಗೆ ಬಾಗಿಲು ತೆರೆದೇ ಇತ್ತು. ಮುಚ್ಚಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಅನ್ನಿಸಿತು.

ಅವರು ಪೆನ್ನು ತೆಗೆದರು. ‘ನನ್ನ ಕೈಪಿಡಿಯ ಮೂವತ್ತೊಂದನೆಯ ಪುಟದಲ್ಲಿರುವ ವ್ಯಾಖ್ಯೆ ಸರಿಯಲ್ಲ, ಯಾಕೆಂದರೆ’ ಎಂಬಲ್ಲಿಯವರೆಗೆ ಪೆನ್ನು ಓಡಿತು. ಯಾಕೆಂದರೆ ಏನು? ಅದು ನಾನು ಮಾಡಿದ ಒಂದು ತಮಾಷೆ. ಇಪ್ಪತ್ತೆರಡು ವರ್ಷದಿಂದ ನನಗೆ ಗೊತ್ತಿತ್ತು. ಕರಡು ತಿದ್ದಿದ್ದೇನೆ ಎಂದದ್ದು ಸುಳ್ಳು. ಬರೆಯಬೇಕಾದ ವಾಕ್ಯಗಳು ಒಂದರ ಹಿಂದೊಂದು ಸಾಲಾಗಿ ನಿಂತಿದ್ದವು, ಯಾವುದೂ ಮುಂದೆ ಬರಲೊಲ್ಲದು. ಎಲ್ಲ ಮೇಜಿನವರೂ ಆ ಸುತ್ತೋಲೆಯನ್ನು ಓದಿ ನಗುವ ಸದ್ದು ಅವರಿಗೆ ಈಗಲೇ ಕೇಳಿಸಿತು. ಯಾರ್ಯಾರು ಹೇಗೆ ನಗುತ್ತಾರೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಚಹಾ ಬಂತು. ಕಪ್ಪು ಇಡಲು ಜಾಗ ಬೇಕಾಗಿ ಮೇಷ್ಟ್ರು ಅದನ್ನು ಹಾಳೆಯ ಮೇಲೆಯೇ ಇಟ್ಟರು. ಕುಡಿದು ಎತ್ತಿದಾಗ ‘ಯಾಕೆಂದರೆ’ ಎಂಬುದರ ಸುತ್ತ ಕಂದು ಬಣ್ಣದ ಒಂದು ಬಳೆ ಮೂಡಿತ್ತು. ಹಾಳೆಯನ್ನು ನಾಲ್ಕು ಮಡಿಕೆ ಮಡಿಚಿ ಜೇಬಿಗಿಟ್ಟುಕೊಂಡು, ಯೋಚನೆ ಮಾಡಿ ಹೇಳ್ತೀನಪ್ಪ ಅಂದರು. ಮುಂಬೆಂಚು ಎದ್ದು ಬಾಗಿಲತನಕ ಬಂದ.

ಮೇಜಿನ ಬಳಿ ಕಿರಿಯ ಮೇಡಂ ಕಾಯುತ್ತಿದ್ದಳು. ಏನಂದ್ರು ಸಾರ್ ಎಂದು ಕೇಳಿದಳು. ಮೇಷ್ಟ್ರ ಗಂಟಲಿಗೆ ಮುಂಬೆಂಚಿನ ದನಿ ತಾನಾಗಿಯೇ ಬಂತು, ಆ ತಗ್ಗಿದ ದನಿ, ಪ್ರತಿ ಮಾತಿನ ತುದಿಯಲ್ಲಿ ಗುರುಗಳೇ. “ಕೀ ಅಂದ್ರೆ ಕೀ ಗುರುಗಳೇ, ಬೀಗ ಬದಲಾಯಿಸಬಹುದು, ಕೀ ಬದಲಾಯಿಸೋ ಹಾಗಿಲ್ಲ.” ಮೇಜಿನವರೆಲ್ಲ ಹೋ ಎಂದು ನಕ್ಕರು. ಅವನು ಹಾಗೆ ಅಂದಿರಲಿಲ್ಲ. ಕಿರಿಯ ಮೇಡಂ ಮಾತ್ರ ನಗದೆ ತನ್ನ ಬಂಡಲಿಗೆ ಕೈ ಹಾಕಿದಳು.

ಮೇಷ್ಟ್ರು ಹಸಿರು ಪೆನ್ನಿನಿಂದ ಎರಡನೆಯ ಪ್ರಶ್ನೆಗೆ ಒಂದು, ನಾಲ್ಕನೆಯದಕ್ಕೆ ಒಂದು ಅಂಕ ಸೇರಿಸಿದರು. ಇಪ್ಪತ್ತೊಂಬತ್ತು ಹೋಗಿ ಮೂವತ್ತೊಂದಾಯಿತು. ಅದರಿಂದ ಯಾರಿಗೂ ಏನೂ ಆಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು, ಆದರೂ ಮನಸ್ಸಿಗೆ ಒಂದು ಬಿಸ್ಕತ್ತು ಹಾಕಿದ ಹಾಗಾಯಿತು, ಅದು ಬೊಗಳುವುದನ್ನು ನಿಲ್ಲಿಸಿತು. ಏಳನೆಯ ಪ್ರಶ್ನೆಯ ಸೊನ್ನೆಯ ಸುತ್ತ ಹಸಿರು ಗೆರೆ ಎಳೆದು, ಪಕ್ಕದಲ್ಲಿ ತಮ್ಮ ಚಿಕ್ಕ ರುಜು ಹಾಕಿದರು. ಅಂಕ ಎನ್ನುವುದು ನಾಟಕದಲ್ಲೂ ಉಂಟು, ಅಲ್ಲಿ ಅದು ಮುಗಿದರೆ ಪರದೆ ಬೀಳುತ್ತದೆ, ಇಲ್ಲಿ ದಾರ ಕಟ್ಟುತ್ತಾರೆ. ಮುಂದಿನ ಪತ್ರಿಕೆ ಕೊಡಮ್ಮಾ ಎಂದರು.

ಮನೆಯಲ್ಲಿ ಅಂಗಿ ಒಗೆಯಲು ಹಾಕುವಾಗ ಹೆಂಡತಿಗೆ ಜೇಬಿನಲ್ಲಿ ಆ ಹಾಳೆ ಸಿಕ್ಕಿತು. ಬಿಡಿಸಿ ಓದಿದರು, ‘ಯಾಕೆಂದರೆ’ ಎಂಬಲ್ಲಿ ನಿಂತರು, ಗಂಡನ ಮುಖ ನೋಡಿದರು. ಈ ಸಲ ಅವರು ಮುಂದಿನ ಮುದ್ರಣದ ಮಾತೆತ್ತಲಿಲ್ಲ. ಹಾಳೆಯನ್ನು ಮೊದಲಿದ್ದ ಹಾಗೇ ಮಡಿಚಿ ಮೇಜಿನ ಮೇಲಿಟ್ಟು, ಬಕೆಟ್ಟು ಎತ್ತಿಕೊಂಡು ಹೋದರು. ಆ ಮಾತನ್ನು ಅವರು ಮತ್ತೆಂದೂ ಆಡಲಿಲ್ಲ. ನಲ್ಲಿ ಸೋರಿದರೂ ಆಡಲಿಲ್ಲ.

ಫಲಿತಾಂಶ ಬಂದಾಗ ಕಾರ್ಡಕ್ಕ ಯಾರ ಬಳಿಯೂ ಹೋಗಿ ಅಳಲಿಲ್ಲ. ಉತ್ತರಪತ್ರಿಕೆಯ ಜೆರಾಕ್ಸ್ ಪ್ರತಿಗೆ ಅರ್ಜಿ ಹಾಕಿದಳೆಂದು ಗುಮಾಸ್ತೆ ಮೂಗಿನಲ್ಲಿ ಹೇಳಿದಳು. ಮರುಮೌಲ್ಯಮಾಪನಕ್ಕೂ ಹಾಕಮ್ಮ ಅಂದರೆ, ಆಗಲೂ ಅದೇ ಕೀ ಇಟ್ಟುಕೊಂಡೇ ನೋಡ್ತಾರಲ್ವಾ ಎಂದು ಕೇಳಿದಳಂತೆ. ಹೌದು ಎಂದರೆ ಆ ಅರ್ಜಿ ಮುಟ್ಟದೆ ಹೋದಳಂತೆ. ಮೇಷ್ಟ್ರು ಹದಿನೈದು ದಿನ ಲೈಬ್ರರಿಯ ಪಡಸಾಲೆ ಬಿಟ್ಟು ಹಿಂಬದಿಯ ಮೆಟ್ಟಿಲಿನಿಂದ ತರಗತಿಗೆ ಹತ್ತಿದರು. ಮಂಡಿಗೆ ಒಳ್ಳೆಯದು ಅಂದರು ಕೇಳಿದವರಿಗೆ. ಈ ನಡುವೆ ಸಭೆ ನಡೆದು ಕೈಪಿಡಿ ಅಧಿಕೃತ ಪಠ್ಯವೂ ಆಯಿತು. ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದರು.

ತಿಂಗಳ ಕೊನೆಯ ದಿನ ಲೈಬ್ರರಿಯಿಂದ ಚೀಟಿ ಬಂತು. ಲೆಕ್ಕ ಒಪ್ಪಿಸಿ ಹೋಗಬೇಕಾಗಿದೆ, ತಮ್ಮ ಬಳಿ ಇರುವ ಮೂರು ಪುಸ್ತಕಗಳನ್ನು ದಯವಿಟ್ಟು ಹಿಂದಿರುಗಿಸಬೇಕು. ತಲೆಕಟ್ಟುಗಳು ಬಲಕ್ಕೆ ಬಾಗಿದ್ದವು. ಯಾರ ಕೈಯಲ್ಲಾದರೂ ಕಳಿಸಿಬಿಡೋಣ ಎಂದು ಮೇಷ್ಟ್ರು ಮೂರೂ ಪುಸ್ತಕ ಜೋಡಿಸಿದರು. ಆದರೆ ರಿಜಿಸ್ಟರಿನಲ್ಲಿ ರುಜು ಅವರದೇ ಆಗಬೇಕಿತ್ತು.

ಲೈಬ್ರರಿಯಲ್ಲಿ ಕಾರ್ಡಿನ ಖಾನೆಗಳೆಲ್ಲ ಒರೆಸಿ ಹೊಳೆಯುತ್ತಿದ್ದವು. ಕಪಾಟುಗಳ ಆಚೆ ಇಬ್ಬರು ಹುಡುಗಿಯರು ಓದಲು ಕೂತಿದ್ದರು, ಅವರ ಕಾಲು ಮಾತ್ರ ಕಾಣುತ್ತಿತ್ತು. ಕಾರ್ಡಕ್ಕ ಪುಸ್ತಕಗಳನ್ನು ಒಂದೊಂದಾಗಿ ತೆರೆದು, ಪುಟ ಹರಿದಿಲ್ಲವೆಂದು ನೋಡಿ, ಕಾರ್ಡು ಸಿಕ್ಕಿಸಿದಳು. ಮೂರನೆಯದು ಪಠ್ಯದ ಕಾದಂಬರಿ. ಅದರ ಹನ್ನೊಂದನೆಯ ಅಧ್ಯಾಯದಲ್ಲಿ ಗುರುತಿಗೆಂದು ಮೇಷ್ಟ್ರು ಇಟ್ಟಿದ್ದ ಬಸ್ ಟಿಕೆಟ್ಟು ಇತ್ತು. ಅದನ್ನು ತೆಗೆದು ಅವರ ಕೈಗೆ ಕೊಟ್ಟಳು. ರಿಜಿಸ್ಟರು ತಿರುಗಿಸಿ ಮುಂದಿಟ್ಟಳು. ಮೇಷ್ಟ್ರು ರುಜು ಹಾಕಿದರು.

ಅವಳು ಡ್ರಾಯರಿನಿಂದ ಜೆರಾಕ್ಸ್ ಪ್ರತಿ ತೆಗೆದು ಆ ರುಜುವಿನ ಪಕ್ಕಕ್ಕೆ ಇಟ್ಟಳು. ಜೆರಾಕ್ಸಿನಲ್ಲಿ ಹಸಿರು ಕಪ್ಪಾಗಿ ಬಂದಿತ್ತು. ಸೊನ್ನೆಯ ಸುತ್ತ ಗೆರೆ, ಪಕ್ಕದಲ್ಲಿ ಅದೇ ಸುರುಳಿ, ಅದೇ ಕೊಂಡಿ.

“ಹದಿನಾಲ್ಕು ವರ್ಷ ಈ ರಿಜಿಸ್ಟರಲ್ಲಿ ನೋಡಿದ್ದೀನಿ ಸಾರ್,” ಅಂದಳು. “ನಿಮ್ಮ ಅಕ್ಷರ ನಂಗೂ ಗೊತ್ತು.”

ಮೇಷ್ಟ್ರು ನಿಯಮದ ಬಗ್ಗೆ ಏನೋ ಹೇಳಹೊರಟರು. ಮಂಡಳಿ, ಕೀ, ತಮ್ಮ ಕೈಯಲ್ಲಿ ಇರಲಿಲ್ಲ, ಎಷ್ಟು ಪ್ರಯತ್ನಪಟ್ಟರೂ. ಯಾವ ದನಿಯಲ್ಲಿ ಹೇಳಬೇಕೆಂದು ತಿಳಿಯದೆ ಮಾತು ತೊದಲಿತು. ಅವಳು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದಳು, ಪ್ಲೈವುಡ್ಡಿನ ಆಚೆಯಿಂದ ಕೇಳುತ್ತಿದ್ದ ಹಾಗೆ.

“ಎರಡು ಅಂಕ ಕೊಟ್ಟಿದ್ದೀರಲ್ಲ ಸಾರ್,” ಅಂದಳು. “ಅದನ್ನೂ ನೋಡ್ದೆ.”

ಆಮೇಲೆ ಅವಳು ನೆಟ್ಟಗೆ ನಿಂತಳು. ಎಡಗೈಯನ್ನು ಮೇಜಿನ ಅಂಚಿಗೆ ಊರಿ, ತಲೆಯನ್ನು ಸ್ವಲ್ಪ ವಾಲಿಸಿದಳು. ಅವಳ ಬಾಯಿಂದ ಬಂದ ದನಿ ಅವಳದಾಗಿರಲಿಲ್ಲ. ಗಂಡಸಿನ ದನಿ, ತುಂಬಿದ ದನಿ, ಕೊನೆಯಲ್ಲಿ ತುಸು ಮೇಲೇರಿ ತನ್ನನ್ನು ತಾನೇ ಮೆಚ್ಚಿಕೊಂಡು ಇಳಿಯುವ ದನಿ. ಅದು ಯಾರದೆಂದು ಗುರುತಿಸಲು ಟೇಪು ಮೇಷ್ಟ್ರಿಗೇ ಒಂದು ಗಳಿಗೆ ಹಿಡಿಯಿತು. ಊರ ಜನರ ದನಿಯೆಲ್ಲ ಬಲ್ಲ ಅವರು ಇದೊಂದನ್ನು ಹೊರಗಿನಿಂದ ಕೇಳಿರಲೇ ಇಲ್ಲ.

“ನಿಮಗೆ ಕಂಡದ್ದನ್ನೇ ಬರೀರಿ. ಧೈರ್ಯವಾಗಿ ಬರೀರಿ. ನಾನಿದ್ದೀನಲ್ಲ.”

ಕಪಾಟಿನ ಆಚೆ ಕೂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಮೇಷ್ಟ್ರು ಶುರು ಮಾಡಿದರು ಅಂದುಕೊಂಡಿರಬೇಕು.